ಹೊಳೆಯಾಚೆ ನಿಂತ ಗೃಹಪ್ರವೇಶ

ಗೃಹಪ್ರವೇಶದ ಆಮಂತ್ರಣ ಪತ್ರಿಕೆಯಲ್ಲಿ ದಾರಿ ಬರೆಸುವುದಿಲ್ಲವೆಂದು ದಿನಕರ ಘೋಷಿಸಿಬಿಟ್ಟ. ಮಂಕಿ ಎಂಬ ಊರಿನ ಕಡೆ ಹೊಳೆದಂಡೆಯಲ್ಲಿ ಆಗಷ್ಟೇ ಮನೆ ಕಟ್ಟಿಸಿ ಮುಗಿಸಿದ್ದ. ಹೈಸ್ಕೂಲಿನ ಗುಮಾಸ್ತನಾದ ಅವನು ಊರಿನ ಮೊಬೈಲುಗಳಿಗೆಲ್ಲ ತಾನೇ ವೈದ್ಯನೆಂದು ತಿಳಿದಿದ್ದ.

"ಗಿರಣಿ ದಾಟಿ, ಗೇರುಮರದ ಹತ್ರ ಎಡಕ್ಕೆ ಅಂತ ಒಂದು ಸಾಲು ಹಾಕ್ಸಿ" ಎಂದಳು ಹೆಂಡತಿ ಭಾರತಿ.

"ಗೇರುಮರ ನೋಡ್ಕಂಡು ಬರೂಕೆ ಅವ್ರೆಂತ ಮಂಗಗಳಾ? ಕ್ಯೂಆರ್ ಕೋಡ್ ಹಾಕ್ಸಿದ್ದೆ. ಮೊಬೈಲ್ ಹಿಡಿದ್ರೆ ಆತು, ಬಾಗ್ಲಿಗೇ ತಂದು ಬಿಡ್ತದೆ."

"ಒಂದ್ಸಲ ಅದ್ರಲ್ಲಿ ನೀವೇ ಬಂದು ನೋಡಿ."

"ನಮ್ಮನೆಗೆ ಬರೂಕೆ ನಂಗೆ ದಾರಿ ಗೊತ್ತಿಲ್ವಾ?"

ಮುಹೂರ್ತ ಹತ್ತೂ ಮುಕ್ಕಾಲಿಗೆ. ಒಂಬತ್ತೂವರೆಯಾದರೂ ಅಕ್ಕಪಕ್ಕದವರ ಹೊರತು ಒಂದು ನರಪಿಳ್ಳೆಯೂ ಬರಲಿಲ್ಲ. ಅಷ್ಟರಲ್ಲಿ ಭಟ್ಕಳದಿಂದ ಹೊರಟಿದ್ದ ಭಾರತಿಯ ಅಣ್ಣ ಭಾಸ್ಕರನ ಫೋನು ಬಂತು.

"ಭಾವ, ನಾವು ಮುಟ್ಟಿದ್ವು. ನೀವು ತಲುಪಿದ್ದೀರಿ ಅಂತ ಮೊಬೈಲ್ ಹೇಳ್ತಾ ಅದೆ. ಆದ್ರೆ ಎದುರಿಗೆ ಹೊಳೆ. ಹೊಳೆ ಆಚೆ ನಿಮ್ಮ ಶಾಮಿಯಾನ ಕಾಣ್ತದೆ."

ದಿನಕರ ಹಿತ್ತಲಿಗೆ ಓಡಿದ. ಆಚೆ ದಡದಲ್ಲಿ ಭಾಸ್ಕರನ ಕಾರು, ಅದರ ಹಿಂದೆ ಕುಮಟೆಯ ನೆಂಟರ ಟೆಂಪೊ, ಅದರ ಹಿಂದೆ ಭಟ್ಟರ ಸ್ಕೂಟರು, ಅಡುಗೆಯವರ ವ್ಯಾನು, ಹೀಗೆ ಸಾಲೇ ನಿಂತಿತ್ತು. ಭಾಸ್ಕರ ಕೈ ಬೀಸಿದ. ಏನೂ ತೋಚದೆ ದಿನಕರನೂ ಕೈ ಬೀಸಿದ.

ಆದದ್ದಿಷ್ಟೇ. ಮನೆಯ ಹೊಸ ಜಲ್ಲಿ ರಸ್ತೆ ಮೊಬೈಲಿನ ನಕ್ಷೆಗೆ ಗೊತ್ತಿರಲಿಲ್ಲ. ಅದು ಗೆರೆ ಎಳೆದಂತೆ ಅಳೆದು, ಆಚೆ ದಡದ ಡಾಂಬರು ರಸ್ತೆಯೇ ಹತ್ತಿರವೆಂದು ತೀರ್ಮಾನಿಸಿತ್ತು. ನಡುವೆ ಒಂದು ಹೊಳೆ ಹರಿಯುವುದನ್ನು ಅದು ದೊಡ್ಡ ವಿಷಯವೆಂದು ಎಣಿಸಿರಲಿಲ್ಲ.

"ಗಾಡಿ ತಿರುಗ್ಸಿ, ಸೇತುವೆ ಮೇಲೆ ಬನ್ನಿ" ಎಂದ ದಿನಕರ.

"ಎಲ್ಲಿ ತಿರುಗ್ಸೂದು ಭಾವ? ಹಿಂದೆ ಹನ್ನೊಂದು ಗಾಡಿ. ಮೊಬೈಲ್ ಬೇರೆ ಇನ್ನೂ ತಲುಪಿದ್ದೀರಿ ಅಂತ್ಲೇ ಹೇಳ್ತದೆ."

"ದುರ್ಗಣ್ಣನ ದೋಣಿ ಕರೀಲಾ?" ಭಾರತಿ ಕೇಳಿದಳು.

"ಗೃಹಪ್ರವೇಶಕ್ಕೆ ದೋಣೀಲಿ ಬರೂದಾ? ಮರ್ಯಾದೆ ಹೋಗ್ತದೆ. ನಾನೇ ಹೋಗಿ ಕರ್ಕಂಡು ಬರ್ತೆ."

ಪಂಚೆ ಎತ್ತಿ ಕಟ್ಟಿ, ಹೆಲ್ಮೆಟ್ ಹಾಕಿ ಬೈಕು ಹತ್ತಿದ. ಸೇತುವೆ ದಾಟುವವರೆಗೆ ಎಲ್ಲ ಸರಿಯಿತ್ತು. ಅಲ್ಲಿ ಮೊಬೈಲು ಒಂದು ಒಳದಾರಿ ತೋರಿಸಿ ಎಂಟು ನಿಮಿಷ ಉಳಿಯುತ್ತದೆ ಎಂದಿತು. ಆ ಒಳದಾರಿ ಮೊದಲು ತೆಂಗಿನ ತೋಟವಾಯಿತು, ಆಮೇಲೆ ಗದ್ದೆಯ ಬದುವಾಯಿತು, ಕೊನೆಗೆ ಸಿಗಡಿ ಸಾಕುವ ಕೆರೆಯಾಯಿತು. ಬದುವಿನ ತುದಿಯಲ್ಲಿ ಬೈಕು ನಿಂತಿತು, ದಿನಕರ ಮಾತ್ರ ನಿಲ್ಲಲಿಲ್ಲ.

ದಂಡೆಯಲ್ಲಿ ಮೀನು ಒಣಗಿಸುತ್ತಿದ್ದ ಲಕ್ಕಿ ಎಂಬ ಮುದುಕಿ ಕೆಸರಿನಿಂದ ಎದ್ದವನನ್ನು ನಿಧಾನಕ್ಕೆ ನೋಡಿದಳು.

"ನಿಮ್ಗೂ ಮೊಬೈಲೇ ದಾರಿ ಹೇಳಿದ್ದಾ?"

ದಿನಕರ ಬೈಕು ತಿರುಗಿಸಿದ. ಅವಳು ತೋರಿಸಿದ ದಾರಿಯಲ್ಲಿ ಐದೇ ನಿಮಿಷಕ್ಕೆ ದಡ ಮುಟ್ಟಿದ.

ಗಾಡಿಗಳೆಲ್ಲ ಸಾಲಾಗಿ ನಿಂತಿದ್ದವು. ಒಳಗೆ ಒಬ್ಬರೂ ಇರಲಿಲ್ಲ. ಎದುರು ದಡದಲ್ಲಿ ದೋಣಿಯಿಂದ ಪಾಯಸದ ಕೊಪ್ಪರಿಗೆ ಇಳಿಯುತ್ತಿತ್ತು. ಭಾರತಿ ಅವನ ಮರ್ಯಾದೆಗೆ ಕಾಯದೆ ದೋಣಿ ಕರೆಸಿ, ಭಟ್ಟರಿಂದ ಹಿಡಿದು ಬಾಳೆಎಲೆಯವರೆಗೆ ಎಲ್ಲವನ್ನೂ ದಾಟಿಸಿಬಿಟ್ಟಿದ್ದಳು. ಮೈಕಿನಲ್ಲಿ ಭಟ್ಟರ ದನಿ ನೀರಿನ ಮೇಲೆ ತೇಲಿಬಂತು: "ಯಜಮಾನರು ಎಲ್ಲಿದ್ದರೂ ಬೇಗ ಬರಬೇಕು. ಮುಹೂರ್ತಕ್ಕೆ ಹತ್ತೇ ನಿಮಿಷ."

ದಿನಕರ ಎರಡೂ ಕೈ ಎತ್ತಿ ಬೀಸಿದ. ದುರ್ಗಣ್ಣ ದೋಣಿ ತಿರುಗಿಸಿಕೊಂಡು ಬಂದ. ತಲೆಗೆ ಹೆಲ್ಮೆಟ್ಟು, ಮೈಗೆ ಸಿಗಡಿ ಕೆರೆಯ ಕೆಸರು ಮೆತ್ತಿಕೊಂಡು ನಿಂತಿದ್ದ ಆಕೃತಿಯನ್ನು ಮೇಲಿಂದ ಕೆಳಗೆ ನೋಡಿದ.

"ಗೃಹಪ್ರವೇಶಕ್ಕೆ ಬಂದವ್ರಾ? ಬೇಗ ಹತ್ತಿ. ನಿಮ್ಮನ್ನ ಆಚೆ ಬಿಟ್ಟು ಮತ್ತೆ ಬರೂಕದೆ. ಯಜಮಾನ ದಾರಿ ತಪ್ಪಿ ಎಲ್ಲೋ ಹೋಗಿದ್ದಾನಂತೆ, ಹುಡುಕ್ಬೇಕು."

ದಿನಕರ ಹೆಲ್ಮೆಟ್ ತೆಗೆಯದೆ ದೋಣಿ ಹತ್ತಿ ಕೂತ.