ಮುಚ್ಚಳಗಳು ಎಲ್ಲಿಗೆ ಹೋಗುತ್ತವೆ

ದೊಡ್ಡ ಕಳ್ಳರ ಮೇಲೆ ನನಗೆ ಅಂಥ ಸಿಟ್ಟೇನಿಲ್ಲ. ಬೀರು ಒಡೆದು ಒಡವೆ ಒಯ್ಯುವವನಿಗೆ ಒಂದು ಧೈರ್ಯ ಇರುತ್ತದೆ, ಸಿಕ್ಕಿಬಿದ್ದರೆ ಒದೆ ತಿನ್ನುವ ತಯಾರಿಯೂ ಇರುತ್ತದೆ. ನನ್ನ ಮೈ ಉರಿಯುವುದು ಪಾತ್ರೆ ಬಿಟ್ಟು ಮುಚ್ಚಳ ಒಯ್ಯುವವರನ್ನು ನೆನೆದರೆ. ಸೋಪು ಬಿಟ್ಟು ಸೋಪಿನ ಡಬ್ಬಿ. ಒಣಹಾಕಿದ ಬಟ್ಟೆ ಬಿಟ್ಟು ಅದಕ್ಕೆ ಸಿಕ್ಕಿಸಿದ ಕ್ಲಿಪ್ಪು. ಇದನ್ನು ಕಳ್ಳತನ ಅನ್ನುವುದಕ್ಕಿಂತ ಅವಮಾನ ಅನ್ನಬೇಕು. ಕಳ್ಳ ನಮ್ಮ ಮನೆಯೊಳಗೆ ಬಂದು, ನಾಲ್ಕೂ ಕಡೆ ಕಣ್ಣಾಡಿಸಿ, ಈ ಮನೆಯಲ್ಲಿ ಒಯ್ಯುವ ಯೋಗ್ಯತೆ ಇರುವುದು ಈ ಮುಚ್ಚಳ ಒಂದಕ್ಕೇ ಎಂದು ತೀರ್ಪು ಕೊಟ್ಟು ಹೋದ ಹಾಗೆ. ನಾನು ಏಳನೇ ಕ್ಲಾಸಿಗೆ ಪುಸ್ತಕ ಕೆಳಗಿಟ್ಟವನು. ಬರೆಯುವುದು ನನ್ನ ಕಸುಬಲ್ಲ. ಆದರೂ ಬರೆಯಲು ಕೂತಿದ್ದೇನೆ ಅಂದರೆ ಸಿಟ್ಟು ಅಷ್ಟಿದೆ ಎಂದು ತಿಳಿಯಬೇಕು. ಯಾರ ಮೇಲೆ ಎಂಬುದು ಮಾತ್ರ ಮೊದಲು ಅಂದುಕೊಂಡ ಹಾಗೆ ಉಳಿದಿಲ್ಲ.

ನಾವಿರುವುದು ಯಶವಂತಪುರದ ಒಂದು ವಠಾರದಲ್ಲಿ. ಒಂದು ನಲ್ಲಿ, ಸಾಲಾಗಿ ಮನೆಗಳು, ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನುವಷ್ಟು ಹತ್ತಿರ. ಹತ್ತಿರದಲ್ಲೇ ಇರುವ ಒಂದು ಕಾರ್ಖಾನೆಯಲ್ಲಿ ನಾನು ಲೇತ್ ಮಿಷನ್ನಿನ ಮುಂದೆ ನಿಲ್ಲುವವನು. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಅಲ್ಲಿ ಕೆಲಸ ಕೆಟ್ಟಂತೆ. ಹಾಗಾಗಿ ಮನೆಯಲ್ಲೂ ಯಾವ ವಸ್ತು ಎಲ್ಲಿರಬೇಕೋ ಅಲ್ಲೇ ಇರಬೇಕು ಎಂಬ ಹಟ. 'ನಿಮ್ಮನ್ನ ಮದುವೆ ಆಗೋ ಬದಲು ಒಂದು ಸ್ಕೇಲು ಮದುವೆ ಆಗಬಹುದಿತ್ತು' ಎಂದು ನನ್ನ ಹೆಂಡತಿ ಸರೋಜ ಹೇಳುತ್ತಿರುತ್ತಾಳೆ. ಅಮ್ಮ ತೀರಿಕೊಂಡು ವರ್ಷ ಕಳೆದ ಮೇಲೆ ನಮ್ಮ ಮನೆಯ ಸಾಮಾನು ಮಾಯವಾಗತೊಡಗಿತು. ಮೊದಲು ಸಾರಿನ ಪಾತ್ರೆಯ ಮುಚ್ಚಳ. ಆಮೇಲೆ ಟೀ ಸೋಸುವ ಜಾಲರಿ. ಆಮೇಲೆ ಅಮ್ಮನ ಕಾಲದ ಹಣಿಗೆ, ಅದರ ಹಲ್ಲು ಅರ್ಧ ಉದುರಿದ್ದರೂ ಬಿಡಲಿಲ್ಲ. ಒಂದು ದಿನ ಕೈಗೆ ಎಣ್ಣೆ ಮೆತ್ತಿಕೊಂಡು ಸೋಪಿಗೆ ಕೈ ಚಾಚುತ್ತೇನೆ, ಸೋಪು ಬರೀ ನೆಲದ ಮೇಲೆ ಅನಾಥವಾಗಿ ಕೂತಿದೆ, ಡಬ್ಬಿ ಇಲ್ಲ.

ನಾನು ಸುಮ್ಮನಿರುವ ಜಾತಿಯಲ್ಲ. ನಲ್ಲಿಯ ಹತ್ತಿರ ನಿಂತು, ಯಾರ ಹೆಸರನ್ನೂ ಹೇಳದೆ, ಎಲ್ಲರಿಗೂ ತಗಲುವ ಹಾಗೆ ಬೈಯುವ ವಿದ್ಯೆ ವಠಾರದಲ್ಲಿ ಬೆಳೆದವರಿಗೆಲ್ಲ ಬರುತ್ತದೆ. ನನಗೆ ಸ್ವಲ್ಪ ಹೆಚ್ಚಾಗಿಯೇ ಬರುತ್ತದೆ. 'ಮುಚ್ಚಳ ಕದ್ದವರ ಬಾಯಿಗೆ ಮುಚ್ಚಳ ಬೀಳ' ಎಂದು ಶುರು ಮಾಡಿದರೆ ಕಾರ್ಖಾನೆಯ ಸೈರನ್ ಕೂಗುವವರೆಗೂ ನಿಲ್ಲಿಸುತ್ತಿರಲಿಲ್ಲ. ಅನುಮಾನ ಎಲ್ಲರ ಮೇಲೂ ಹೋಯಿತು. ಕಾಗೆಯ ಮೇಲೆ ಹೋಯಿತು, ಹಳೇ ಪೇಪರಿನವನ ಮೇಲೆ ಹೋಯಿತು. ಕೊನೆಗೆ ಬಾಗಿಲಿಗೇ ಹಸು ಹೊಡೆದುಕೊಂಡು ಬಂದು ಹಾಲು ಕರೆದುಕೊಡುತ್ತಿದ್ದ ಮುನಿಯಮ್ಮನ ಮೇಲೆ ನಿಂತಿತು. ದಿನಾ ನಮ್ಮ ಅಡುಗೆಮನೆ ಹೊಸ್ತಿಲವರೆಗೆ ಬರುವವಳು ಅವಳೇ ತಾನೆ ಎಂಬುದು ನನ್ನ ತರ್ಕ. 'ಏನಮ್ಮ, ನಮ್ಮನೆ ಮುಚ್ಚಳ ಏನಾದ್ರೂ ನೋಡಿದ್ಯಾ' ಎಂದು ಮೆತ್ತಗೆ ಕೇಳಿದೆ. ಮೆತ್ತಗೆ ಕೇಳಿದ್ದರಲ್ಲೇ ಇದ್ದ ಮುಳ್ಳು ಅವಳಿಗೆ ತಿಳಿಯಿತು. ಹಾಲಿನ ಚೆಂಬು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, 'ನಿಮ್ ಮುಚ್ಚಳ ತಕಂಡೋಗಿ ನಾನೇನ್ ಸ್ವಾಮಿ ಮಾಡ್ಲಿ, ಅಸೂಗೆ ಟೋಪಿ ಆಕ್ಲಾ' ಅಂದಳು. ನಲ್ಲಿಯ ಹತ್ತಿರ ಇದ್ದವರೆಲ್ಲ ಕೊಡ ಬಿಟ್ಟು ನಕ್ಕರು. ಮಾರನೆಯ ದಿನದಿಂದ ಹಾಲಿಗೆ ನೀರು ಹೆಚ್ಚಿಗೆ ಬಿತ್ತು. ಇದೂ ಅನುಮಾನವೇ, ಆದರೆ ಇದು ಮಾತ್ರ ನಿಜ.

ತಿಂಗಳಿಗೊಂದು ಭಾನುವಾರ ಯಲಹಂಕದಿಂದ ನನ್ನ ತಂಗಿ ನಾಗು ಬರುತ್ತಿದ್ದಳು. ನನಗಿರುವ ಒಡಹುಟ್ಟು ಅವಳೊಬ್ಬಳೇ. ಅವಳ ಗಂಡನಿಗೆ ಯಲಹಂಕದಲ್ಲಿ ಸೈಕಲ್ ಶಾಪು. ಕೈ ತುಂಬ ಕೆಲಸ, ಮನೆ ತುಂಬ ಪಾತ್ರೆ, ಏನೂ ಕಮ್ಮಿಯಿಲ್ಲ. ಬಂದವಳು ಅತ್ತಿಗೆಯ ಪಕ್ಕ ಕೂತು ಅವರೆಕಾಯಿ ಬಿಡಿಸುವಳು. ನಾನು ಅವಳೆದುರು ನನ್ನ ದುಃಖ ತೋಡಿಕೊಳ್ಳುವೆ. 'ಯಾವ ಬಡ್ಡೀಮಗ ಕಣೇ ಇವನು, ಹಣಿಗೇನೂ ಬಿಡಲಿಲ್ಲ, ಅವನ ತಲೆ ಬೋಳಾಗ' ಎಂದರೆ ನಾಗು ತಲೆ ಎತ್ತದೆ, 'ಹೋಗ್ಲಿ ಬಿಡಣ್ಣಯ್ಯ, ಹಳೇ ಹಣಿಗೆ ತಾನೇ' ಅನ್ನುವಳು. ಸರೋಜ ಆ ಹೊತ್ತಿಗೆ ಸರಿಯಾಗಿ ಎದ್ದು ಒಳಗೆ ಹೋಗುವಳು. ಇಬ್ಬರು ಹೆಂಗಸರು ಒಟ್ಟಿಗೆ ಸುಮ್ಮನಾದರೆ ಏನೋ ಇದೆ ಎಂದು ಗೊತ್ತಾಗಬೇಕಿತ್ತು. ನಾನು ಬೈಗುಳದಲ್ಲಿ ಮೈಮರೆತಿದ್ದೆ.

ಕೊನೆಗೆ ನನ್ನ ಕಸುಬಿನ ಬುದ್ಧಿಯನ್ನೇ ಓಡಿಸಿದೆ. ಕಾರ್ಖಾನೆಯಲ್ಲಿ ಕಬ್ಬಿಣದ ಮೇಲೆ ಅಕ್ಷರ ಹೊಡೆಯುವ ಪಂಚುಗಳಿದ್ದವು. ಶನಿವಾರ ಅವನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ತಂದೆ. ಕದ್ದು ತಂದೆ ಅನ್ನಬೇಡಿ, ಸೋಮವಾರ ವಾಪಸ್ಸು ಇಟ್ಟಿದ್ದೇನೆ. ಮನೆಯಲ್ಲಿರುವ ಎಣ್ಣೆ ಒರೆಸುವ ದಾರದ ಉಂಡೆ, ಉಪ್ಪುಕಾಗದ, ಒಂದಷ್ಟು ನಟ್ಟು ಬೋಲ್ಟುಗಳ ಮಾತು ಬೇರೆ, ಅವು ತಾವಾಗಿಯೇ ಜೇಬಿಗೆ ಬಂದವು. ಭಾನುವಾರ ಪೂರ್ತಿ ಅಂಗಳದಲ್ಲಿ ಕೂತು ಒಂದೊಂದೇ ಲೋಟ, ತಟ್ಟೆ, ಚಮಚ ಮಗುಚಿ ಹಾಕಿ ಟಣ್ ಟಣ್ ಎಂದು ನನ್ನ ಹೆಸರಿನ ಎನ್.ಆರ್. ಹೊಡೆದೆ. ಸಕ್ಕರೆ ಡಬ್ಬಿಯ ಪುಟಾಣಿ ಚಮಚವನ್ನೂ ಬಿಡಲಿಲ್ಲ. ಹೊಡೆಯುತ್ತಾ ಹೋದಂತೆ ಕೆಲವು ಲೋಟದ ತಳದಲ್ಲಿ, ಒಂದೆರಡು ಸೌಟಿನ ಹಿಡಿಯಲ್ಲಿ, ಆಗಲೇ ಬಿ.ಎಸ್. ಎಂದು ಇರುವುದು ಕಂಡಿತು. 'ಇದೇನೇ' ಎಂದು ಕೇಳಿದೆ. 'ಅದು ಕಂಪನಿ ಹೆಸರು ಕಣ್ರೀ' ಅಂದಳು ಸರೋಜ. ಏಳನೇ ಕ್ಲಾಸಿನ ಇಂಗ್ಲಿಷು ಅದಕ್ಕಿಂತ ಹೆಚ್ಚು ಪ್ರಶ್ನೆ ಕೇಳಲಿಲ್ಲ. ಅಷ್ಟೇ ಅಲ್ಲ, ಪಾತ್ರೆ ಕೊಳ್ಳುವುದಾದರೆ ಬಿ.ಎಸ್. ಕಂಪನಿಯದೇ ಕೊಳ್ಳಿ, ಬಾಳಿಕೆ ಬರುತ್ತದೆ ಎಂದು ಕಾರ್ಖಾನೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಒಬ್ಬ ಪಾಪ ಅವೆನ್ಯೂ ರಸ್ತೆಯೆಲ್ಲ ಸುತ್ತಿ ಬಂದ.

ಮುಂದಿನ ಸಲ ನಾಗು ಬಂದಳು, ಊಟ ಮಾಡಿದಳು, ಕಾಫಿಯಾಯಿತು, ಹೊರಟಳು. ಅವಳು ಬಾಗಿಲು ದಾಟಿದ ಮೇಲೆ ನಾನು ಇನ್ನೊಂದು ಗುಟುಕು ಕಾಫಿ ಬಗ್ಗಿಸಿಕೊಂಡು ಸಕ್ಕರೆ ಡಬ್ಬಿ ತೆಗೆದರೆ ಚಮಚ ಇಲ್ಲ. ಬೆಳಿಗ್ಗೆಯಿಂದ ಮನೆಗೆ ಬಂದವರು ಅವಳು ಬಿಟ್ಟು ಬೇರೆ ಯಾರೂ ಇಲ್ಲ. ಆ ಕ್ಷಣ ನನ್ನ ತಲೆಯಲ್ಲಿ ಏನೇನು ಹಾದುಹೋಯಿತೋ ಹೇಳಲಾರೆ. ಮುನಿಯಮ್ಮನ ಟೋಪಿ, ನೀರು ಹಾಲು, ನಲ್ಲಿಯ ಹತ್ತಿರದ ನಗು, ಎಲ್ಲಾ ಒಟ್ಟಿಗೆ ಕುದಿಯಿತು. ಓಡಿದೆ. ಅವಳು ವಠಾರದ ಗೇಟಿನ ಹತ್ತಿರ ಇದ್ದಳು. ನೀರು ಬಿಡುವ ಹೊತ್ತು, ಕೊಡಗಳ ಸಾಲೂ ಇತ್ತು, ಕೊಡದ ಹಿಂದೆ ಕಣ್ಣುಗಳೂ ಇದ್ದವು.

'ಚೀಲ ಬಿಚ್ಚೇ' ಅಂದೆ.

'ಯಾಕಣ್ಣಯ್ಯ' ಅಂದಳು. ಆದರೆ ಕೈ ಆಗಲೇ ಚೀಲವನ್ನು ಎದೆಗೆ ಒತ್ತಿ ಹಿಡಿದಿತ್ತು.

'ಬಿಚ್ಚು ಅಂದ್ರೆ ಬಿಚ್ಚು.'

ಅವಳು ಬಿಚ್ಚಲಿಲ್ಲ. ನಾನೇ ಕಿತ್ತುಕೊಂಡು ಕೈ ಹಾಕಿದೆ. ಒಂದು ಟವಲ್ಲು, ಸರೋಜ ಕೊಟ್ಟ ಕರಿಬೇವು, ಅದರ ಕೆಳಗೆ ಚಮಚ. ಎನ್.ಆರ್. ನಾನು ಅದನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ. ಕಳ್ಳನನ್ನು ಹಿಡಿದ ಪೊಲೀಸಿನವನ ಖುಷಿ ಒಂದು ಕ್ಷಣ ನನಗೂ ಆಯಿತು, ಸುಳ್ಳು ಯಾಕೆ ಹೇಳಲಿ. ನಾಗು ಅಳಲಿಲ್ಲ, ಕೂಗಲಿಲ್ಲ. 'ಅಮ್ಮ ಇದ್ದಾಗ ನಾನು ಯಾವತ್ತಾದ್ರೂ ಈ ಮನೆಯಿಂದ ಬರಿಗೈಲಿ ಹೋಗಿದ್ದೀನೇನೋ' ಅಂದಳು. ಅಣ್ಣಯ್ಯ ಅನ್ನಲಿಲ್ಲ. ಚೀಲ ತೆಗೆದುಕೊಂಡು ಬಸ್ ಸ್ಟಾಪಿನ ಕಡೆ ನಡೆದಳು. ಕರಿಬೇವು ನೆಲದ ಮೇಲೆ ಬಿದ್ದಿತ್ತು, ಅದನ್ನೂ ಎತ್ತಿಕೊಳ್ಳಲಿಲ್ಲ.

ಒಳಗೆ ಬಂದು ಸರೋಜಳ ಮೇಲೆ ಹಾರಾಡಿದೆ. ನಿನಗೆ ಗೊತ್ತಿತ್ತಾ ಎಂದೆ. ಗೊತ್ತಿತ್ತು ಅಂದಳು. ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದೆ. ಅವಳು ಒಲೆ ಆರಿಸಿ ಬಂದು ನನ್ನೆದುರು ನಿಂತಳು. 'ನಿಮ್ಮಮ್ಮ ಮಗಳು ಹೊರಟಾಗ ಏನಾದ್ರೂ ಮಡಿಲಿಗೆ ಹಾಕ್ತಿದ್ರು. ರವಿಕೆ ಕಣ ಇಲ್ಲದಿದ್ರೆ ತೆಂಗಿನಕಾಯಿ. ಅದೂ ಇಲ್ಲದಿದ್ರೆ ಒಂದು ಹಿಡಿ ಕಡಲೆಬೀಜ ಆದ್ರೂ ಕಟ್ಟಿ ಕೊಡ್ತಿದ್ರು. ತವರಿಂದ ಹೆಣ್ಣುಮಗಳು ಬರಿಗೈಲಿ ಹೋಗಬಾರದು ಅಂತ. ಅವರು ತೀರ್ಕೊಂಡ ವರ್ಷ ಮನೇಲಿ ಹಬ್ಬ ಇಲ್ಲ, ಗೌರಿ ಬಾಗಿನ ಇಲ್ಲ, ಸರಿ. ವರ್ಷ ಆದ ಮೇಲೆ ನೀವು ಅದನ್ನೇ ಮುಂದುವರಿಸಿದ್ರಿ. ಒಂದ್ಸಲ ನಾನು ರವಿಕೆ ಕಣ ಇಡೋಕೆ ಹೋದೆ. ಏನಂದ್ರಿ ನೆನಪಿದ್ಯಾ. ತಿಂಗಳು ತಿಂಗಳು ಬರ್ತಾಳೆ, ಇದೆಲ್ಲ ಯಾಕೆ, ಅವಳೇನು ನೆಂಟಳಾ ಅಂದ್ರಿ. ಅವಳು ಬಾಗಿಲಲ್ಲೇ ಚಪ್ಪಲಿ ಹಾಕ್ಕೋತಾ ಇದ್ಳು. ಆವತ್ತೇ ಸಾರಿನ ಪಾತ್ರೆ ಮುಚ್ಚಳ ಹೋಗಿದ್ದು.'

ನೆನಪಿತ್ತು. ಆ ಮಾತು ಆಡಿದಾಗ ನನಗೆ ಅದೊಂದು ದೊಡ್ಡ ಮನಸ್ಸಿನ ಮಾತು ಅನ್ನಿಸಿತ್ತು. ಮನೆಯವಳೇ ಅಲ್ಲವೇ, ಉಪಚಾರ ಯಾಕೆ ಎಂದು. ಜೊತೆಗೆ ಒಂದು ತೆಂಗಿನಕಾಯಿ ಉಳಿಯಿತಲ್ಲ ಎಂಬುದೂ ಅದರೊಳಗೆ ಇತ್ತು. ಅದು ಆವತ್ತು ನನಗೆ ಕಂಡಿರಲಿಲ್ಲ. ಆದರೂ ಸೋಲು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. 'ಕೇಳಿ ಪಡೀಬಹುದಿತ್ತು, ಕದಿಯೋದು ಯಾವ ನ್ಯಾಯ' ಎಂದೆ. ಸರೋಜ ನನ್ನ ಕಾಫಿ ಲೋಟ ಮಗುಚಿ ತಳ ತೋರಿಸಿದಳು. ಬಿ.ಎಸ್. 'ಬಸವನಗುಡಿ ಶ್ರೀನಿವಾಸ. ನನ್ನ ಅಣ್ಣ. ನಾನೂ ಒಬ್ಬರ ತಂಗೀನೇ ಕಣ್ರೀ' ಅಂದಳು. ಹಾಗಾದರೆ ಇಷ್ಟು ವರ್ಷ ನಾನು ಕಾಫಿ ಕುಡಿದದ್ದು, ಸಾರು ಬಡಿಸಿಕೊಂಡದ್ದು, ಎಲ್ಲಾ ಕಳ್ಳಮಾಲಿನಲ್ಲಿ. ಆ ಭಾವ ಒಂದು ದಿನವೂ ನಲ್ಲಿಯ ಹತ್ತಿರ ನಿಂತು ಬೈದದ್ದು ಕೇಳಿಲ್ಲ. ನನಗೆ ಅವನ ಮೇಲೂ ಸಿಟ್ಟು ಬಂತು. ಇಷ್ಟು ಒಳ್ಳೆಯವನಾಗಿ ಅವನು ಏನು ಸಾಧಿಸಿದ.

ನಾಗು ಮುಂದಿನ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಮನೆಯಲ್ಲಿ ಒಂದು ಕ್ಲಿಪ್ಪೂ ಕಳೆಯಲಿಲ್ಲ. ಇಟ್ಟ ವಸ್ತು ಇಟ್ಟಲ್ಲೇ ಇತ್ತು, ನಾನು ಬಯಸಿದ್ದೂ ಅದನ್ನೇ. ಅದನ್ನು ನೋಡಿದರೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಗೌರಿ ಹಬ್ಬ ಬಂತು. ಸರೋಜ ಜೋಡಿ ಮೊರಕ್ಕೆ ಅರಿಶಿನ ಬಳಿದು, ಬಳೆ, ಕನ್ನಡಿ, ಹಣಿಗೆ, ರವಿಕೆ ಕಣ, ಅಕ್ಕಿ ಬೇಳೆ ಬೆಲ್ಲ ಎಲ್ಲ ತುಂಬಿ ಕಟ್ಟಿಕೊಟ್ಟಳು. ಹೋಗಿ ನೀವೇ ಕೊಟ್ಟು ಬನ್ನಿ ಅಂದಳು. ಹಬ್ಬದ ದಿನ ಬಸ್ಸಿನಲ್ಲಿ ಬಾಗಿನದ ಮೊರ ಹಿಡಿದು ನಿಲ್ಲುವುದು ತುಂಬು ಬಸುರಿಯನ್ನು ಕರೆದುಕೊಂಡು ಹೋದ ಹಾಗೆ. ಎಲ್ಲರೂ ಬೈಯುತ್ತಾರೆ, ಎಲ್ಲರೂ ಜಾಗವನ್ನೂ ಬಿಡುತ್ತಾರೆ. 'ಯಜಮಾನ್ರೇ, ಮೊರಕ್ಕೊಂದು ಹಾಫ್ ಟಿಕೆಟ್ ಹರೀಲಾ' ಎಂದ ಕಂಡಕ್ಟರು. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾಗಿ ಕೊಡುತ್ತಿದ್ದೆ. ಹೆಬ್ಬಾಳದ ಕೆರೆ ದಾಟುವವರೆಗೆ ನಾಗುಗೆ ಏನು ಹೇಳಬೇಕು ಎಂದು ಜೋಡಿಸುತ್ತಲೇ ಇದ್ದೆ. ತಪ್ಪಾಯಿತು ಕಣೇ ಎಂಬ ಎರಡು ಮಾತು. ಯಲಹಂಕ ಬಂದಾಗ ಮೊರ ಎತ್ತಿಕೊಂಡು ಇಳಿದೆ, ಆ ಎರಡು ಮಾತು ಬಸ್ಸಿನಲ್ಲೇ ಉಳಿದವು.

ಅವಳ ಮನೆಯ ನಡುಕೋಣೆಯ ಗೋಡೆಗೂಡಿನಲ್ಲಿ ನನ್ನ ಸಾಮಾನೆಲ್ಲ ಸಾಲಾಗಿತ್ತು. ಮುಚ್ಚಳ, ಜಾಲರಿ, ಸೋಪಿನ ಡಬ್ಬಿ, ಹಲ್ಲುದುರಿದ ಹಣಿಗೆ. ಒಂದನ್ನೂ ಬಳಸಿರಲಿಲ್ಲ. ಬೆಳಗಿ ಒರೆಸಿ ಇಟ್ಟಿದ್ದಳು, ಪಕ್ಕದಲ್ಲಿ ಅಮ್ಮನ ಫೋಟೋ. ನಾನು ನೋಡುತ್ತಿದ್ದುದನ್ನು ಅವಳ ಗಂಡ ನೋಡಿ, 'ಇದೆಲ್ಲ ಯಾಕೆ ಅಂತ ನಾನೂ ಕೇಳಿದೆ ಭಾವ. ತವರಿಂದು ಅಂತಾಳೆ' ಎಂದು ನಕ್ಕ. ಗೇಟಿನ ಹತ್ತಿರ ನಡೆದದ್ದು ಅವನಿಗೆ ಗೊತ್ತಿಲ್ಲ. ಅವಳು ಹೇಳಿಲ್ಲ. ನನ್ನ ಮರ್ಯಾದೆಯನ್ನು ಅವಳು ಅಷ್ಟು ಕಾಪಾಡಿದ್ದಳು.

ನಾಗು ಬಾಗಿನ ತೆಗೆದುಕೊಂಡಳು. ಗೌರಿಯ ಬಾಗಿನ, ಬೇಡ ಅನ್ನುವ ಹಾಗಿಲ್ಲ. ಹೋಳಿಗೆ ಬಡಿಸಿದಳು, ಚೆನ್ನಾಗಿದೀಯಾ ಅಣ್ಣಯ್ಯ ಅಂದಳು. ನಾನು ಹೊರಡುವ ಹೊತ್ತಿಗೆ ಗೂಡಿನಲ್ಲಿದ್ದ ಒಂದೊಂದನ್ನೇ ತೆಗೆದು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟಳು. 'ಗುರುತು ನೋಡ್ಕೋ. ನೀನು ಹೆಸರು ಹೊಡೆಯೋಕೆ ಮುಂಚೆ ಬಂದಿರೋವು' ಅಂದಳು. ಬೇಡ ಕಣೇ ಎಂದೆ. ಅವಳು ಆಗಲೇ ಬಾಗಿಲಿಗೆ ಬಂದಾಗಿತ್ತು. ಬಸ್ಸು ಹೋಗುತ್ತೆ, ಬೇಗ ಹೊರಡು ಎಂದಳು. ನಾನು ಅವಳಿಗೆ ಪ್ರತಿ ತಿಂಗಳು ಹೇಳುತ್ತಿದ್ದ ಮಾತು ಅದೇ. ಗೌರಿ ಹಬ್ಬದ ದಿನ, ತಂಗಿಯ ಮನೆಯಿಂದ ತುಂಬಿದ ಚೀಲ ಹೊತ್ತುಕೊಂಡು ಬಂದ ಅಣ್ಣ ಈ ಯಶವಂತಪುರದಲ್ಲಿ ನಾನೊಬ್ಬನೇ ಇರಬೇಕು.

ಈಗ ನಾಗು ಮತ್ತೆ ಬರುತ್ತಾಳೆ. ತಿಂಗಳಿಗೊಂದು ಸಲವಲ್ಲ, ಹೇಳಿ ಕಳಿಸಿದರೆ ಬರುತ್ತಾಳೆ. ಬರುವಾಗ ಹಣ್ಣು ತರುತ್ತಾಳೆ. ಕೂರು ಎಂದ ಮೇಲೆ ಕೂರುತ್ತಾಳೆ. ಹೋಗುವಾಗ ನಾನೇ ಮುಂದೆ ನಿಂತು ಕಣ, ಕಾಯಿ, ಅಕ್ಕಿ ಎಲ್ಲಾ ಕೊಡಿಸುತ್ತೇನೆ, ಎರಡೂ ಕೈಯೊಡ್ಡಿ ತೆಗೆದುಕೊಳ್ಳುತ್ತಾಳೆ. ನೆಂಟಳಾ ಎಂದು ಕೇಳಿದ್ದೆನಲ್ಲ, ಈಗ ಅಚ್ಚುಕಟ್ಟಾದ ನೆಂಟಳು. ನಾನು ಬೇಕೆಂದೇ ಸೌಟನ್ನು ಬಾಗಿಲ ಪಕ್ಕದ ಕಿಟಕಿಯಲ್ಲಿ ಬಿಟ್ಟಿದ್ದೆ. ಅದನ್ನು ತೊಳೆದು ಅದರ ಜಾಗಕ್ಕೆ ಇಟ್ಟು ಹೋದಳು. ಒಂದು ಮುಚ್ಚಳವನ್ನು ಅವಳ ಚೀಲದ ಮೇಲೆಯೇ ಇಟ್ಟೆ. 'ಅಣ್ಣಯ್ಯ, ನಿಮ್ಮ ಮುಚ್ಚಳ ಇಲ್ಲಿದೆ' ಎಂದು ಕೈಗೆ ಕೊಟ್ಟಳು. ನಿಮ್ಮ ಅಂದಳು. ಹುಟ್ಟಿದಾಗಿನಿಂದ ನನ್ನನ್ನು ನೀನು ಅಂದವಳು.

ಮೊನ್ನೆ ಕಾರ್ಖಾನೆಯಿಂದ ಕಬ್ಬಿಣ ಉಜ್ಜುವ ಒಂದು ಸಣ್ಣ ಅರ ತಂದೆ. ಜೇಬಿಗೆ ತಾನಾಗಿ ಬಂದದ್ದಲ್ಲ, ನಾನೇ ಹಾಕಿಕೊಂಡೆ, ಬರೆದುಕೊಳ್ಳಿ. ಅಂಗಳದಲ್ಲಿ ಕೂತು ಸಕ್ಕರೆ ಡಬ್ಬಿಯ ಚಮಚದ ಮೇಲಿನ ನನ್ನ ಹೆಸರನ್ನು ಉಜ್ಜಿ ಉಜ್ಜಿ ತೆಗೆದೆ. 'ಹೊಡೆಯೋದೂ ನೀವೇ, ಅಳಿಸೋದೂ ನೀವೇ' ಎಂದು ಸರೋಜ ಹೊಸ್ತಿಲಲ್ಲಿ ನಿಂತು ಅಂದಳು. ಗುರುತು ಪೂರ್ತಿ ಹೋಗಿಲ್ಲ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಭಾನುವಾರ ನಾಗು ಬರುತ್ತಾಳೆ. ಚಮಚವನ್ನು ಅವಳ ಕೈಗೆ ಸಿಗುವ ಹಾಗೆ ಡಬ್ಬಿಯಿಂದ ಈಚೆಗೇ ಇಟ್ಟಿದ್ದೇನೆ, ನಾನು ಅಡುಗೆಮನೆಗೆ ಬೆನ್ನು ಹಾಕಿ ಪೇಪರು ಹಿಡಿದು ಕೂರುವವನಿದ್ದೇನೆ. ಅವಳು ಅದನ್ನು ಕದ್ದುಕೊಂಡು ಹೋದರೆ ಸರಿ. ಹೋಗದಿದ್ದರೆ ನಾನು ಸುಮ್ಮನಿರುವ ಜಾತಿಯಲ್ಲ, ನಲ್ಲಿಯ ಹತ್ತಿರ ನಿಂತು ಬೈಯುತ್ತೇನೆ. ಈ ಸಲ ಹೆಸರು ಹಿಡಿದೇ ಬೈಯುತ್ತೇನೆ. ನನ್ನ ಹೆಸರು.