ಸಿಗಡಿಗಳ ಅಂತರಪಟ

ಭಾನುವಾರ, ಹನ್ನೊಂದೂಮುಕ್ಕಾಲು. ಚಿಕ್ಕಲಸಂದ್ರದ ಮನೆಯ ಹಾಲಿನಲ್ಲಿ ಹಾಜರಿದ್ದವರು: ಜಯನಗರದಿಂದ ಕ್ಯಾರಿಯರಿನಲ್ಲಿ ಊಟ ತಂದ ನಾನು, ಅರವತ್ತೆರಡು ತುಂಬಿದ ನನ್ನ ತಮ್ಮ, ಗಾಜಿನ ತೊಟ್ಟಿಯೊಳಗೆ ಒಂದು ಗಂಡು, ಒಂದು ಹೆಣ್ಣು. ನಾಲ್ವರಲ್ಲಿ ಬುದ್ಧಿ ಕಡಿಮೆ ಇದ್ದವನು ನನ್ನ ತಮ್ಮನೇ ಎಂದು ಪ್ರಮಾಣ ಮಾಡಿ ಹೇಳಬಲ್ಲೆ.

ತೊಟ್ಟಿಯಲ್ಲಿದ್ದದ್ದು ಮೀನಲ್ಲ, ಮ್ಯಾಂಟಿಸ್ ಸಿಗಡಿ. ಸಮುದ್ರದ ಪ್ರಾಣಿ, ಗೇಣುದ್ದ, ನವಿಲಿನ ಬಣ್ಣ, ಒಂದೊಂದು ಒಂದೊಂದು ಕಡೆ ತಿರುಗುವ ಕಣ್ಣು. ಎದೆಗೆ ಮಡಚಿಟ್ಟುಕೊಂಡ ಕೈಯಿಂದ ಒಂದೇ ಗುದ್ದಿಗೆ ಬಸವನಹುಳುವಿನ ಚಿಪ್ಪು ಒಡೆಯುತ್ತದೆ. ಈರುಳ್ಳಿಯೂ ಒಳಗೆ ಬರದಿದ್ದ ಮನೆಯ ಫ್ರಿಜ್ಜಿನಲ್ಲಿ ಈಗ ಇವರಿಗಾಗಿ ಏಡಿಯ ತುಂಡುಗಳು! ತನ್ನ ಸ್ನಾನಕ್ಕೆ ಹೊತ್ತುಗೊತ್ತಿಲ್ಲ, ಇವರ ನೀರಿನ ಉಪ್ಪನ್ನು ಮಾತ್ರ ದಿನಕ್ಕೆ ಮೂರು ಸಲ ಅಳೆಯುತ್ತಾನೆ.

ಮೊದಲು ಇದ್ದದ್ದು ಗಂಡು ಮಾತ್ರ. "ಒಬ್ಬನೇ ಇದ್ದಾನೆ ಕಣೇ ಅಕ್ಕಾ, ನೋಡಕ್ಕಾಗಲ್ಲ" ಎಂದು ಹೆಣ್ಣು ತಂದ. ತಾನೇ ಮದುವೆಯಾಗದವನಿಗೆ ಸಿಗಡಿಯ ಮದುವೆಯ ಉಸಾಬರಿ ಯಾಕೆ? ಇಬ್ಬರ ನಡುವೆ ತೂತುಗಳಿರುವ ಪ್ಲಾಸ್ಟಿಕ್ ಹಲಗೆ ನಿಲ್ಲಿಸಿ ಒಂದು ತಿಂಗಳು ಕಾದ. ಅಷ್ಟು ಸರಿ. ಹಲಗೆ ತೆಗೆಯುವ ದಿನವನ್ನು ಆ ಪ್ರಾಣಿಗಳನ್ನು ನೋಡಿ ಗೊತ್ತು ಮಾಡಬೇಕಲ್ಲವೇ? ಇವನು ಪಂಚಾಂಗ ನೋಡಿದ!

"ಅಭಿಜಿನ್ ಮುಹೂರ್ತ ಅಕ್ಕಾ. ಹನ್ನೆರಡಕ್ಕೆ ಸರಿಯಾಗಿ ಅಂತರಪಟ ತೆಗೀತೀನಿ."

"ಹನ್ನೆರಡೂವರೆಗೆ ನನ್ನ ಊಟ."

"ಮದುವೆ ಊಟ ಅನ್ಕೊಂಡು ಸ್ವಲ್ಪ ತಡಿಯೇ."

ಗಾಜಿಗೆ ಕುಂಕುಮ ಇಟ್ಟ. ಗಂಡಿನ ಬದಿಯಲ್ಲಿ, ಅದು ಅಡಗುವ ಕಲ್ಲಿನ ಬಿಲದ ಮುಂದೆ ಬಿದ್ದಿದ್ದ ತೆಳ್ಳನೆಯ ಚಿಪ್ಪನ್ನು ತೋರಿಸಿ, "ನೆನ್ನೆ ಹಳೇದು ಬಿಚ್ಚಿ ಹಾಕಿದ್ದಾನೆ ನೋಡು. ಮದುವೆ ಗಂಡು, ಹೊಸ ಬಟ್ಟೆ!" ಎಂದು ಹಿಗ್ಗಿದ. ಹನ್ನೆರಡಕ್ಕೆ ಮೊಬೈಲಿನಲ್ಲಿ ಗಟ್ಟಿಮೇಳ ಹಾಕಿ ಹಲಗೆ ಎತ್ತಿದ. ಎರಡನ್ನೂ ಮಾರಿದ್ದ ಅಂಗಡಿಯವನಿಗೆ ಶುಭವಾರ್ತೆ ತಿಳಿಸಲು ಸ್ಪೀಕರ್ ಹಾಕಿ ಫೋನ್ ಮಾಡಿದ.

"ಚಿಪ್ಪು ಬಿಚ್ಚಿದ್ದು ನೆನ್ನೆನಾ? ಅಯ್ಯೋ ಸಾರ್, ಅವನ ಮೈ ಈಗ ಬೆಣ್ಣೆ ಥರ ಇರುತ್ತೆ! ಹೆಣ್ಣು ಒಂದೇಟು ಹೊಡೆದ್ರೆ ಮುಗೀತು. ಮೊದ್ಲು ಬೇರೆ ಮಾಡಿ ಸಾರ್!"

ತಿರುಗಿ ನೋಡಿದರೆ ಹೆಣ್ಣು ಆಗಲೇ ಗಂಡಿನ ಬಿಲದ ಬಾಯಲ್ಲಿ ನಿಂತಿತ್ತು. "ಇಕ್ಕಳ ತಗೊಳ್ಳೋ!" ಎಂದು ಕೂಗಿದೆ. ಕೇಳುವ ಪ್ರಾಣಿಯೇ ಅದು? ಬರಿಗೈಯನ್ನೇ ನಡುವೆ ಇಟ್ಟ. ಟಪ್ಪೆಂದಿತು. ಗುದ್ದು ಬಿದ್ದದ್ದು ಅವನ ಹೆಬ್ಬೆರಳಿಗೆ. ನೀರು ಕೆಂಪಾಯಿತು, ಕೈ ಮಾತ್ರ ಕದಲಲಿಲ್ಲ. ಹೆಣ್ಣು ಹಿಂದಕ್ಕೆ ಸರಿದದ್ದೇ, "ಹಲಗೆ ಇಳಿಸೇ ಅಕ್ಕಾ" ಎಂದ. ಇಳಿಸಿದೆ. ಗಂಡು ಬಿಲದಿಂದ ಹೊರಗೆ ಬರಲೇ ಇಲ್ಲ.

ಬೆರಳು ತೊಳೆದು, ಔಷಧಿ ಹಚ್ಚಿ, ಬಟ್ಟೆ ಸುತ್ತಿದೆ. ಬೈಗುಳಕ್ಕೂ ಕೊರತೆ ಮಾಡಲಿಲ್ಲ. ಒಂದೂಕಾಲಿಗೆ ಬಡಿಸಿದರೆ ತಟ್ಟೆ ಮುಟ್ಟದೆ ತೊಟ್ಟಿಯ ಮುಂದೆ ನೆಲದ ಮೇಲೆಯೇ ಕುಳಿತಿದ್ದ.

"ಕೈ ನೋವಾ?"

"ಅವನು ಇದ್ದಾನೋ ಇಲ್ವೋ ಅಕ್ಕಾ. ನಾನೇ ಕೊಂದ್‌ಬಿಟ್ನೇನೋ."

ಮಂಡಿ ನೋವಿನಿಂದಾಗಿ ನೆಲದ ಮೇಲೆ ಕೂರುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ತಟ್ಟೆ ಹಿಡಿದು ತೊಟ್ಟಿಯ ಮುಂದೆ ಅವನ ಪಕ್ಕ ಕುಳಿತೆ, ಬಲಗೈಯಲ್ಲಿ ಹುಳಿಯನ್ನ ಕಲಸುತ್ತ ಎಡಗೈಯಿಂದ ಬಿಲದೊಳಕ್ಕೆ ಟಾರ್ಚ್ ಬಿಟ್ಟೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಕಣ್ಣು ಮೆಲ್ಲಗೆ ತಿರುಗಿತು, ಹಿಂದೆಯೇ ಇನ್ನೊಂದು.

"ಇದ್ದಾನೆ" ಎಂದೆ. "ಬಾಯಿ ತೆಗಿ."

ತೆಗೆದ. ಕೊನೆಯ ತುತ್ತು ಮುಗಿದಾಗ ಎರಡು ಗಂಟೆ. ಅಂದು ನಾನು ಇನ್ನೇನೂ ಕೆಲಸ ಇಟ್ಟುಕೊಳ್ಳದೆ ಅವನ ಪಕ್ಕದಲ್ಲೇ ಕುಳಿತಿದ್ದೆ.