ಕಡಾಯಿ ಮುಂದಿನ ಮೀಟಿಂಗ್

ನಾಯಕತ್ವ ಹುಟ್ಟಿನಿಂದ ಬರುವುದಲ್ಲ, ಕಲಿತರೆ ಬರುತ್ತದೆ ಎಂದು ಘಟಪ್ರಭಾದ ಶಿಬಿರದಲ್ಲಿ ಟೈ ಕಟ್ಟಿದ ಸರ್ ಒಬ್ಬರು ಹೇಳಿದಾಗ ನನ್ನ ಕಣ್ಣಲ್ಲಿ ನೀರೇ ಬಂತು. ಇಷ್ಟು ವರ್ಷ ಈ ಮಾತನ್ನು ಯಾರೂ ನನಗೆ ಹೇಳಿರಲಿಲ್ಲವಲ್ಲ! (ಹುಟ್ಟಿನಿಂದ ಬಂದಿಲ್ಲ ಎಂಬುದನ್ನಷ್ಟೇ ನನ್ನ ಹೆಂಡತಿ ಅರ್ಚನಾ ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಾಳೆ.)

ನಾನು ಗೋಕಾಕದ ಒಂದು ಕರದಂಟಿನ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಅಲ್ಲಿ ಮ್ಯಾನೇಜರ್ ಹುದ್ದೆ ಖಾಲಿಯಾಗಿತ್ತು. ಅದು ನನಗೇ ಸಿಗಬೇಕೆಂದು ಪಣ ತೊಟ್ಟು ಶಿಬಿರಕ್ಕೆ ಹೋಗಿ ಬಂದರೆ, ಮರುದಿನವೇ ಮಾಲಕರಾದ ಗುರುಲಿಂಗಪ್ಪನವರು ಕರೆದರು.

"ಮಹೇಶ, ನಮ್ಮ ಮಗಳು ಮೇಘಾ ಹಡದಾಳ. ಅಂಗಡಿ ಮಾಲು ಗಿರಾಕಿಗಾತು, ಬಾಣಂತಿಗೆ ಮನ್ಯಾಗ ಮಾಡಿದ ಅಂಟಿನ ಉಂಡೀನ ಬೇಕು. ನಿಮ್ಮ ಮನ್ಯಾಗ ಮಾಡಿಸು. ರವಿವಾರ ಸಂಜಿಕೆ ನಾನ ಬಂದು ಒಯ್ತೇನಿ. ಮ್ಯಾನೇಜರ್ ವಿಚಾರಾನೂ ಅವತ್ತ ಮುಗಸೂಣು."

ಅಂದರೆ ಉಂಡಿ ಚೆನ್ನಾದರೆ ಕುರ್ಚಿ ನನ್ನದು!

ರವಿವಾರ ಅಡುಗೆಮನೆಯಲ್ಲಿ ತಂಡ ಕಟ್ಟಿದೆ. ಅವ್ವ ಕಾಶೆವ್ವನಿಗೆ ಗುಣಮಟ್ಟ ನಿಯಂತ್ರಣ, ಅರ್ಚನಾಳಿಗೆ ಉತ್ಪಾದನೆ, ಮಗಳು ಶಿವಾನಿಗೆ ಸಂಪನ್ಮೂಲ ನಿರ್ವಹಣೆ (ಅಂದರೆ ಒಣಕೊಬ್ಬರಿ ಹೆರೆಯುವುದು). ನನಗೆ ದೂರದೃಷ್ಟಿ. ಅದಕ್ಕೆ ಅನುಕೂಲವಾಗಲೆಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡೆ. ಮಾತನಾಡುವ ನಾಯಕನ ಕೈ ಖಾಲಿ ಇರಬಾರದಂತೆ, ಹಾಗಾಗಿ ಇಕ್ಕಳ ಹಿಡಿದುಕೊಂಡೆ.

ತುಪ್ಪದಲ್ಲಿ ಅಂಟು ಅರಳಿತು. ಕಡಾಯಿಯಲ್ಲಿ ಬೆಲ್ಲ ಕರಗಿ ಬುಳುಬುಳು ಎನ್ನತೊಡಗಿತು. ಮಹತ್ವದ ಘಟ್ಟದಲ್ಲಿ ಎಲ್ಲರ ಅಭಿಪ್ರಾಯ ಕೇಳಬೇಕೆಂದು ಟೈ ಸರ್ ಹೇಳಿದ್ದು ನೆನಪಾಯಿತು.

"ಎಲ್ಲಾರೂ ಇಲ್ಲಿ ಬಂದು ಕುಂಡ್ರಿ. ಮೀಟಿಂಗ್ ಐತಿ."

"ಪಾಕ ಬರಾಕತ್ತೈತ್ರಿ!" ಎಂದಳು ಅರ್ಚನಾ.

"ಬರ್ಲಿ. ಮೊದಲ ನಮ್ಮ ಗುರಿ ಏನು, ಹೇಳು."

"ಗುರಿ ಕಡಾಯ್ಯಾಗ ಐತಿ! ಈಗ ಇಳಸ್ಬೇಕ್ರಿ, ಇಕ್ಕಳ ಕೊಡ್ರಿ ಇಲ್ಲಿ!"

"ನಿನ್ನ ಭಾವನೆಗೆ ಗೌರವ ಕೊಡ್ತೇನಿ. ಅವ್ವಾ, ನಿನ್ನ ಅಭಿಪ್ರಾಯ?"

"ನಿನ್ನ ತಲಿ ಕೆಟ್ಟೈತಿ ಅನ್ನೂದ ನನ್ನ ಅಭಿಪ್ರಾಯ," ಎಂದಳು ಅವ್ವ.

ಪಾಕ ಮಾತ್ರ ಯಾರ ಅಭಿಪ್ರಾಯಕ್ಕೂ ಕಾಯಲಿಲ್ಲ. ಉಂಡಿ ಕಟ್ಟಿದರೆ ಕಲ್ಲು. ಒಂದನ್ನು ಒಡೆಯಲು ಶಿವಾನಿ ಒಳಕಲ್ಲಿನ ಗುಂಡು ತಂದಳು.

ಅರ್ಚನಾ ನನ್ನ ಕೈಯಿಂದ ಇಕ್ಕಳ ಕಸಿದುಕೊಂಡಳು. "ನೀವು ಓಡಿ ಬೆಲ್ಲ ತರ್ರಿ. ಶಿವಾನಿ, ಮತ್ತೊಂದೀಟು ಕೊಬ್ರಿ ಹೆರಿ. ಅತ್ತಿ, ಕೈಗೆ ತುಪ್ಪ ಹಚ್ಕೊಂಡು ಉಂಡಿ ಕಟ್ಟಾಕ ಕುಂಡ್ರಿ." ಯಾರ ಭಾವನೆಗೂ ಗೌರವವಿಲ್ಲ! ಆದರೂ ಮಾಲಕರು ಬರುವಷ್ಟರಲ್ಲಿ ತಾಟಿನ ತುಂಬ ಉಂಡಿಗಳಿದ್ದವು.

ಮಾಲಕರು ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. "ಭಲೆ ಮಹೇಶ! ಏನ್ ರುಚಿ ಆಗ್ಯಾವು!"

ಗೆಲುವು ತಂಡಕ್ಕೆ, ತಪ್ಪು ತನಗೆ ಎನ್ನುವವನೇ ನಿಜವಾದ ನಾಯಕ. ಇದು ಶಿಬಿರದ ಕೊನೆಯ ಪಾಠ. ಕೈ ಜೋಡಿಸಿ, ದನಿ ತಗ್ಗಿಸಿ ಹೇಳಿದೆ: "ಇದರಾಗ ನಂದೇನೂ ಇಲ್ರಿ. ಎಲ್ಲಾ ಅರ್ಚನಾಂದು. ತಪ್ಪು ಅಷ್ಟ ನಂದು."

"ತಪ್ಪು? ಏನ್ ತಪ್ಪು?"

ವಿನಯ ಒಮ್ಮೆ ಹರಿಯತೊಡಗಿದರೆ ನಿಲ್ಲುವುದಿಲ್ಲ ನೋಡಿ. ಮೀಟಿಂಗಿನಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಶಿವಾನಿ ಸಾಕ್ಷಿಗೆಂದು ಒಂದು ಕಲ್ಲುಂಡಿಯನ್ನೂ ತಂದು ತೋರಿಸಿದಳು. 'ಎಂಥ ದೊಡ್ಡ ಮನಸ್ಸಪ್ಪಾ ನಿಂದು' ಎಂಬ ಮಾತಿಗಾಗಿ ನಾನು ತಲೆ ಬಾಗಿಸಿ ಕಾದೆ.

"ಖರೆ ಹೇಳಿದಿ, ಚಲೋ ಆತು," ಎಂದರು ಮಾಲಕರು. "ಅಂಗಡ್ಯಾಗ ದಿನಾ ಪಾಕ ಇಳಸೂ ಹೊತ್ತಿಗೆ ನೀ ಮೀಟಿಂಗ್ ಕರದ್ರ ನನ್ನ ಗತಿ ಏನು?" ಅರ್ಚನಾಳ ಕಡೆ ತಿರುಗಿದರು. "ತಂಗೀ, ನಾಳಿಂದ ನೀನ ಬಾ. ಮ್ಯಾನೇಜರ್ ಅಂತ."

ಒಲ್ಲೆ ಅನ್ನುತ್ತಾಳೆ, ಗಂಡನ ಮಾನ ಉಳಿಸುತ್ತಾಳೆ ಎಂದು ಅವಳ ಮುಖ ನೋಡಿದೆ.

"ಮುಂಜಾನೆ ಎಷ್ಟಕ್ಕ ಬರ್ಬೇಕ್ರಿ?" ಎಂದಳು.

ಈಗ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ನಾನು ಅವಳಿಗೆ 'ರಿ' ಹಚ್ಚಬೇಕು. ಮೊನ್ನೆ ಅವ್ವ ಗೋಕಾಕ ಫಾಲ್ಸ್‌ನಲ್ಲಿರುವ ಅಕ್ಕನ ಮನೆಗೆ ಹೋದಳು. ಮನೆಯಲ್ಲಿ ರೊಟ್ಟಿ ಬಡಿಯುವವರಿಲ್ಲ. ಅರ್ಚನಾಳ ಟೇಬಲ್ ಮುಂದೆ ಹೋಗಿ ನಿಂತೆ.

"ಮ್ಯಾಡಮ್, ಅರ್ಧ ದಿನ ರಜಾ ಬೇಕಾಗಿತ್ರಿ."

"ಯಾಕ್ರಿ?"

"ಅಡಗಿ ಮಾಡೂದೈತ್ರಿ. ನಮ್ಮ ಹೆಂಡ್ತಿ ಕೆಲಸಕ್ಕ ಹೊಕ್ಕಾಳ್ರಿ."

ಅವಳು ತಲೆಯೆತ್ತಲಿಲ್ಲ. "ಮನಿ ವಿಚಾರ ಇಲ್ಲಿ ತರಬ್ಯಾಡ್ರಿ. ಅದನ್ನ ನಿಮ್ಮ ಹೆಂಡ್ತಿ ಜೋಡಿ ಕುಂತು ಬಗಿಹರಿಸ್ಕೊಳ್ರಿ. ಹೋಗ್ರಿ, ಗಿರಾಕಿ ನಿಂತಾರ."